ಮಾರ್ಟ್‌ಗೆ ನಗದು, ಕಿರಾಣಿಗೆ ಉದ್ರಿ

ರಾಯಚೂರು, ಮಾನ್ವಿ, ದೇವದುರ್ಗದ ಪೇಟೆಗಳಲ್ಲಿ ದೊಡ್ಡ ಮಳಿಗೆಗಳು ಸಣ್ಣ ಅಂಗಡಿಯ ಬಾಗಿಲು ಹಾಕಿಸುವ ಮೊದಲೇ ಇನ್ನೊಂದನ್ನು ಮುಚ್ಚಿಸುತ್ತಿವೆ: ಬಡವರ ಉದ್ರಿ ಖಾತೆಯನ್ನು.

ತಿಂಗಳ ಮೊದಲ ಭಾನುವಾರ ರಾಯಚೂರಿನ ದೊಡ್ಡ ಮಳಿಗೆಗಳ ಮುಂದೆ ಬೈಕ್ ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ನೌಕರರು, ಶಾಲೆಯ ಮೇಷ್ಟ್ರುಗಳು, ಬ್ಯಾಂಕಿನವರು, ಆಸ್ಪತ್ರೆಯ ಸಿಬ್ಬಂದಿ ಸಂಸಾರ ಸಮೇತ ಬಂದಿರುತ್ತಾರೆ. ತಳ್ಳುಗಾಡಿಯಲ್ಲಿ ಐದು ಲೀಟರಿನ ಎಣ್ಣೆ ಕ್ಯಾನು, ಹತ್ತು ಕಿಲೋ ಹಿಟ್ಟಿನ ಚೀಲ, ಒಂದಕ್ಕೊಂದು ಉಚಿತವೆಂದು ಬರೆದ ಸಾಬೂನಿನ ಕಟ್ಟು. ಬಿಲ್ಲಿನ ಕೊನೆಯಲ್ಲಿ ‘ನೀವು ಉಳಿಸಿದ ಹಣ’ ಎಂದು ಒಂದು ಮೊತ್ತ ಅಚ್ಚಾಗಿ ಬರುತ್ತದೆ. ಮನೆ ಯಜಮಾನನಿಗೆ ಅದನ್ನು ಓದುವುದರಲ್ಲೇ ಒಂದು ಖುಷಿ.

ಅದೇ ಹೊತ್ತಿಗೆ ಯಾವುದೋ ಓಣಿಯ ಕಿರಾಣಿ ಅಂಗಡಿ ಕಟ್ಟೆಯ ಮುಂದೆ ಒಬ್ಬ ಹುಡುಗಿ ನಿಂತಿರುತ್ತಾಳೆ. ಕೈಯಲ್ಲಿ ಎಣ್ಣೆಗೊಂದು ಸಣ್ಣ ಬಾಟಲಿ. ಹತ್ತು ರೂಪಾಯಿಯ ಎಣ್ಣೆ, ಐದು ರೂಪಾಯಿಯ ಚಹಾಪುಡಿ, ಪಾವು ಕಿಲೋ ಸಕ್ಕರೆ. ರೊಕ್ಕ ಎಲ್ಲಿ ಎಂದರೆ ‘ಅವ್ವ ಬರ್ಕೋ ಅಂದಾಳ್ರಿ’ ಎನ್ನುತ್ತಾಳೆ. ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡಿನ ಕೆಳಗೇ ಕೂತ ಸಾಹುಕಾರ ಉದ್ದನೆಯ ಬುಕ್ಕು ತೆರೆದು ಬರೆದುಕೊಳ್ಳುತ್ತಾನೆ.

ಇವು ಎರಡು ಬೇರೆ ಬೇರೆ ವ್ಯಾಪಾರಗಳೆಂದು ಅನ್ನಿಸುವುದು ಸಹಜ. ಮಾರ್ಟ್‌ಗೆ ಹೋಗುವವರು ಹೋಗಲಿ, ಕಿರಾಣಿಗೆ ಬರುವವರು ಬರಲಿ, ಯಾರಿಗೇನು ನಷ್ಟ? ಆದರೆ ಹುಡುಗಿಯ ಅವ್ವನ ಉದ್ರಿ ಇಷ್ಟು ವರ್ಷ ನಡೆದದ್ದು ಮೇಷ್ಟ್ರ ಮನೆಯ ನಗದಿನ ಬಲದ ಮೇಲೆ. ಆ ನಗದು ಈಗ ಅಂಗಡಿ ಬದಲಿಸಿದೆ.

ರೈಲು ಬೆಳೆಸಿದ ಪೇಟೆ

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಎಡೆದೊರೆ ನಾಡಿನಲ್ಲಿ ರಾಯಚೂರು ಮೊದಲು ಕೋಟೆಯ ಊರು. ಅದು ದೊಡ್ಡ ಪೇಟೆಯಾದದ್ದು ರೈಲಿನಿಂದ. 1871ರಲ್ಲಿ ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸ್ ಕಡೆಯಿಂದ ಬಂದ ರೈಲ್ವೆಯೂ ಕೂಡಿದ್ದು ಇಲ್ಲೇ. ಹತ್ತಿ, ಶೇಂಗಾ, ಜೋಳ ಇಲ್ಲಿಂದ ಹೊರಟವು. ಬಟ್ಟೆ, ಬೆಲ್ಲ, ಪಾತ್ರೆ ಇಲ್ಲಿಗೆ ಬಂದಿಳಿದವು. ನಿಜಾಮರ ಆಳ್ವಿಕೆ 1948ರಲ್ಲಿ ಮುಗಿದು, 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಪೇಟೆಯ ಬುನಾದಿ ಅದೇ ಉಳಿಯಿತು. ರಾಜೇಂದ್ರ ಗಂಜ್‌ನಲ್ಲಿ ಅಡತಿ ಅಂಗಡಿಗಳು, ದಲಾಲರು, ಮುನೀಮರು, ಹಮಾಲರು. ತೀನ್ ಕಂದೀಲ್ ಸುತ್ತ ಚಿಲ್ಲರೆ ವ್ಯಾಪಾರ. ಉಸ್ಮಾನಿಯಾ ಮಾರುಕಟ್ಟೆಯಲ್ಲಿ ಕಾಯಿಪಲ್ಲೆ.

ಇಲ್ಲಿನ ಅಂಗಡಿಕಾರರಲ್ಲಿ ಬಣಜಿಗರು, ಆರ್ಯವೈಶ್ಯರು, ಮಾರವಾಡಿಗಳು, ಮುಸ್ಲಿಮರು ಎಲ್ಲರೂ ಇದ್ದಾರೆ. ಗಿರಾಕಿ ಬಾಯಿ ಬಿಟ್ಟ ಕೂಡಲೇ ಕನ್ನಡವೋ ತೆಲುಗೋ ದಖನಿಯೋ ತಿಳಿದು, ಅದರಲ್ಲೇ ಉತ್ತರ ಕೊಡುವುದು ಇಲ್ಲಿನ ವ್ಯಾಪಾರದ ಮೊದಲ ಪಾಠ. ಮಾನ್ವಿ, ದೇವದುರ್ಗದ ಚಿಲ್ಲರೆ ಅಂಗಡಿಗಳು ರಾಯಚೂರಿನ ಸಗಟು ವ್ಯಾಪಾರಿಗಳಿಂದ ಮಾಲು ಒಯ್ಯುತ್ತವೆ. ಆ ಊರುಗಳಿಂದ ಹಳ್ಳಿಯ ಸಣ್ಣ ಅಂಗಡಿಗಳಿಗೆ ಟಂಟಂನಲ್ಲಿ ಮಾಲು ಸಾಗುತ್ತದೆ. ಮಾಲು ಕೆಳಗಿಳಿದ ದಾರಿಯಲ್ಲೇ ಸಾಲವೂ ಇಳಿಯುತ್ತದೆ. ಸಗಟಿನವ ಚಿಲ್ಲರೆಯವನಿಗೆ ಒಂದೆರಡು ವಾರ ತಾಳಿಕೊಳ್ಳುತ್ತಾನೆ, ಚಿಲ್ಲರೆಯವ ಗಿರಾಕಿಗೆ ಒಂದೆರಡು ತಿಂಗಳು ತಾಳಿಕೊಳ್ಳುತ್ತಾನೆ, ಹಳ್ಳಿಯ ಅಂಗಡಿಯವ ಸುಗ್ಗಿಯವರೆಗೂ ಕಾಯುತ್ತಾನೆ.

ದೊಡ್ಡ ಸರಪಳಿ ಮಳಿಗೆಗೆ ಈ ದಾರಿಯೇ ಬೇಡ. ಅದರ ಮಾಲು ದೂರದ ನಗರದ ಗೋದಾಮಿನಿಂದ ಲಾರಿಯಲ್ಲಿ ನೇರ ಬಂದಿಳಿಯುತ್ತದೆ. ಆ ವ್ಯಾಪಾರದ ಮಟ್ಟಿಗೆ ಗಂಜಿನ ಹಮಾಲನಿಗೆ ಚೀಲವಿಲ್ಲ, ಸಗಟಿನವನಿಗೆ ಕಮಿಷನ್ನಿಲ್ಲ, ಟಂಟಂನವನಿಗೆ ಬಾಡಿಗೆಯಿಲ್ಲ.

ಅಗ್ಗ ಎಲ್ಲಿಂದ ಬರುತ್ತದೆ?

ದೇಶದಲ್ಲಿ ಈ ಬಗೆಯ ವ್ಯಾಪಾರಕ್ಕೆ ಹೆಚ್ಚು ವಯಸ್ಸಾಗಿಲ್ಲ. ಬಿಗ್ ಬಜಾರ್ ಶುರುವಾದದ್ದು 2001ರಲ್ಲಿ. ರಾಧಾಕಿಶನ್ ದಮಾನಿ ಅವರ ಡಿಮಾರ್ಟ್ 2002ರಲ್ಲಿ ಮುಂಬೈನಲ್ಲಿ ಮೊದಲ ಮಳಿಗೆ ತೆರೆಯಿತು. ರಿಲಯನ್ಸ್ 2006ರಲ್ಲಿ ಹೈದರಾಬಾದಿನಿಂದ ಹೆಜ್ಜೆ ಇಟ್ಟಿತು. 2025ರ ಮಾರ್ಚ್ ಹೊತ್ತಿಗೆ ಡಿಮಾರ್ಟ್ ಬಳಿ 415 ಮಳಿಗೆಗಳಿದ್ದವು. ರಿಲಯನ್ಸ್‌ನ ಎಲ್ಲ ಬಗೆಯ ಅಂಗಡಿಗಳನ್ನು ಸೇರಿಸಿದರೆ 19 ಸಾವಿರ ದಾಟುತ್ತವೆ. ಮಹಾನಗರಗಳಲ್ಲಿ ಜಾಗ ತುಂಬಿದಂತೆ ಇವು ಜಿಲ್ಲಾ ಕೇಂದ್ರಗಳತ್ತ ತಿರುಗಿದವು. ಮಾನ್ವಿ, ದೇವದುರ್ಗದಂಥ ಊರುಗಳಲ್ಲಿ ಅನುಕರಣೆ ಶುರುವಾಗಿದೆ. ಸ್ಥಳೀಯರೇ ತಮ್ಮ ಹಳೆಯ ಅಂಗಡಿ ಒಡೆಸಿ, ಗಾಜು ಹಾಕಿಸಿ, ಎಸಿ ಕೂರಿಸಿ ‘ಮಾರ್ಟ್’ ಎಂದು ಬೋರ್ಡು ಬರೆಸುತ್ತಿದ್ದಾರೆ.

ಇವು ಅಗ್ಗಕ್ಕೆ ಮಾರಲು ಕಾರಣವಿದೆ. ಡಿಮಾರ್ಟ್ ಬಹುತೇಕ ತನ್ನದೇ ಕಟ್ಟಡಗಳಲ್ಲಿದೆ, ಹಾಗಾಗಿ ಬಾಡಿಗೆಯ ಹೊರೆ ಕಡಿಮೆ. ಮಾಲು ಕೊಟ್ಟ ಕಂಪನಿಗೆ ಬೇಗ ಹಣ ಚುಕ್ತಾ ಮಾಡಿ ಅದಕ್ಕೆ ಪ್ರತಿಯಾಗಿ ರಿಯಾಯಿತಿ ಪಡೆಯುತ್ತದೆ. ಒಟ್ಟು ಲಾಭಾಂಶವನ್ನು ಶೇ 15ರ ಆಸುಪಾಸಿನಲ್ಲಿ ಇಟ್ಟುಕೊಂಡು ಮಾಲು ಬೇಗ ಬೇಗ ತಿರುಗಿಸುತ್ತದೆ. ಇದರಲ್ಲಿ ಮೋಸವಿಲ್ಲ, ಚುರುಕಿನ ವ್ಯಾಪಾರವಿದೆ.

ಆದರೆ ಅಗ್ಗದ ಇನ್ನೊಂದು ಮೂಲ ಕಂಪನಿಗಳ ಕೈಯಲ್ಲಿದೆ. ಒಂದೇ ಸಾಬೂನನ್ನು ದೊಡ್ಡ ಖರೀದಿದಾರನಿಗೆ ಒಂದು ದರದಲ್ಲಿ, ಏಜೆನ್ಸಿಯ ಮೂಲಕ ಕಿರಾಣಿಗೆ ಇನ್ನೊಂದು ದರದಲ್ಲಿ ಕೊಡುತ್ತಾರೆಂಬ ದೂರು ಹಳೆಯದು. 2022ರ ಜನವರಿಯಲ್ಲಿ ಮಹಾರಾಷ್ಟ್ರದ ವಿತರಕರು ಇದೇ ಕಾರಣಕ್ಕೆ ಕೋಲ್ಗೇಟ್ ಮಾಲಿನ ಪೂರೈಕೆ ತಡೆದು ಪ್ರತಿಭಟಿಸಿದರು. ಪರಿಣಾಮ ನಮ್ಮ ಓಣಿಗಳಲ್ಲೂ ಕಾಣುತ್ತದೆ. ಆಫರ್ ಇರುವ ದಿನ ಸಣ್ಣ ಅಂಗಡಿಯವರೇ ಮಾರ್ಟ್‌ಗೆ ಹೋಗಿ ಚೀಲ ತುಂಬಿಕೊಂಡು ಬಂದು, ತಮ್ಮ ಅಂಗಡಿಯಲ್ಲಿ ಮಾರುವುದುಂಟು. ಏಜೆನ್ಸಿ ಕೊಡುವ ಬೆಲೆಗಿಂತ ಮಾರ್ಟ್‌ನ ಚಿಲ್ಲರೆ ಬೆಲೆಯೇ ಕಡಿಮೆಯಾದಾಗ ಅಂಗಡಿಯವನೂ ಅಲ್ಲಿ ಗಿರಾಕಿಯೇ.

2025ರ ಸೆಪ್ಟೆಂಬರ್ 22ರಂದು ಸಾಬೂನು, ಶಾಂಪೂ, ಟೂತ್‌ಪೇಸ್ಟ್‌ನಂಥ ದಿನಬಳಕೆಯ ಮಾಲಿನ ಜಿಎಸ್‌ಟಿ ಶೇ 5ಕ್ಕೆ ಇಳಿದಾಗಲೂ ಈ ಅಂತರ ಕಂಡಿತು. ದೊಡ್ಡ ಮಳಿಗೆಯ ಕಂಪ್ಯೂಟರಿನಲ್ಲಿ ದರ ಬದಲಾಗಲು ಒಂದು ರಾತ್ರಿ ಸಾಕು. ಓಣಿಯ ಅಂಗಡಿಯ ಕಪಾಟಿನಲ್ಲಿರುವುದು ಹಳೆಯ ತೆರಿಗೆ ಕೊಟ್ಟು ತಂದ ಮಾಲು. ಗಿರಾಕಿ ಹೊಸ ದರ ಕೇಳಿದರೆ ಅಂಗಡಿಯವ ಏಜೆನ್ಸಿಯ ದಾರಿ ಕಾಯಬೇಕು.

ಉದ್ರಿಯ ಲೆಕ್ಕ

ಲೆಕ್ಕಕ್ಕೆಂದು ಒಂದು ಅಂಗಡಿಯನ್ನು ಊಹಿಸಿಕೊಳ್ಳೋಣ. ನೂರು ಮನೆಗಳ ಗಿರಾಕಿ. ಅದರಲ್ಲಿ 30 ಸಂಬಳದ ಮನೆಗಳು. ತಿಂಗಳಿಗೆ ಐದೈದು ಸಾವಿರದ ಸಾಮಾನು ಒಯ್ದು ನಗದು ಕೊಡುತ್ತವೆ. ಉಳಿದ 70 ಕೂಲಿ ಮನೆಗಳು, ಸಣ್ಣ ರೈತರ ಮನೆಗಳು. ತಿಂಗಳಿಗೆ ಮೂರು ಸಾವಿರದಂತೆ ಒಯ್ದು ಮೂರು ತಿಂಗಳಿಗೊಮ್ಮೆ ತೀರಿಸುತ್ತವೆ. ಸಂಬಳದವರಿಂದ ತಿಂಗಳಿಗೆ ಒಂದೂವರೆ ಲಕ್ಷ ನಗದು ಬರುತ್ತದೆ. ಉದ್ರಿಯವರ ಬಳಿ, ತೀರಿಸುವ ಹೊತ್ತು ಬರುವಷ್ಟರಲ್ಲಿ, ಆರು ಲಕ್ಷದಷ್ಟು ಹಣ ನಿಂತಿರುತ್ತದೆ. ಸಗಟಿನವನಿಗೆ ವಾರ ವಾರ ಕೊಡಬೇಕಾದ ಹಣ ಹೊಂದುವುದು ಆ ಒಂದೂವರೆ ಲಕ್ಷದಿಂದ.

ಈಗ 30 ಸಂಬಳದ ಮನೆಗಳಲ್ಲಿ 15 ಮನೆಗಳು ಮಾರ್ಟ್‌ನತ್ತ ಹೊರಳಿದವು ಎನ್ನಿ. ಗಿರಾಕಿಗಳ ಎಣಿಕೆಯಲ್ಲಿ ನೂರಕ್ಕೆ 85 ಉಳಿದರು. ಹೊರಗಿನಿಂದ ನೋಡಿದವರಿಗೆ ಅಂಗಡಿಗೇನೂ ಆಗಿಲ್ಲ. ಸಂಬಳದವರಿಂದ ಕೈಗೆ ಬರುವ ನಗದು ಮಾತ್ರ ಅರ್ಧಕ್ಕೆ ಇಳಿಯಿತು. ಸಗಟಿನವ ಎರಡು ಸಲ ತಾಳುತ್ತಾನೆ, ಮೂರನೆಯ ಸಲ ಮಾಲು ನಿಲ್ಲಿಸುತ್ತಾನೆ. ಆಗ ಅಂಗಡಿಯವ ಮಾಡಬಹುದಾದ ಕೆಲಸ ಒಂದೇ: ಉದ್ರಿ ಬುಕ್ಕಿನಲ್ಲಿ ಹೆಸರು ಕಡಿಮೆ ಮಾಡುವುದು. ಮೊದಲು ಕತ್ತರಿ ಬೀಳುವುದು ಗುಳೆ ಹೋಗುವವರಿಗೆ. ಆಮೇಲೆ ಗಂಡಸಿನ ದುಡಿಮೆಯಿಲ್ಲದ ಮನೆಗಳಿಗೆ. ಕೊನೆಗೆ ಮಳೆಯನ್ನೇ ನಂಬಿದ ಸಣ್ಣ ಹಿಡುವಳಿದಾರರಿಗೆ.

ಉದ್ರಿಯನ್ನು ಪುಣ್ಯದ ಕೆಲಸವೆಂದು ಹಾಡಿ ಹೊಗಳಬೇಕಿಲ್ಲ. ಉದ್ರಿ ಗಿರಾಕಿಗೆ ಚೌಕಾಸಿ ಮಾಡುವ ಬಾಯಿಲ್ಲ. ಕಿಲೋಗೆ ಒಂದೆರಡು ರೂಪಾಯಿ ಹೆಚ್ಚು ಬಿದ್ದಿರುತ್ತದೆ. ತೂಕದಲ್ಲಿ ಹಿಂದುಮುಂದಾದರೂ ಕೇಳುವ ಹಾಗಿಲ್ಲ. ಹಬ್ಬದ ದಿನ ನಾಲ್ಕು ಜನರೆದುರು ‘ಹಳೇದು ಯಾವಾಗ ಕೊಡ್ತಿ’ ಎಂದು ಕೇಳಿಸಿಕೊಳ್ಳುವ ಅವಮಾನವೂ ಅದರೊಳಗಿದೆ. ಆದರೂ ಅದಕ್ಕೊಂದು ಗುಣವಿತ್ತು. ಮಳೆ ಕೈಕೊಟ್ಟರೆ ಕಂತು ತಾನಾಗಿ ಮುಂದೆ ಹೋಗುತ್ತಿತ್ತು. ಹೆರಿಗೆ, ಸಾವು, ಆಸ್ಪತ್ರೆ ಎಂದರೆ ಸಾಹುಕಾರ ಬುಕ್ಕು ಮುಚ್ಚಿಡುತ್ತಿದ್ದ. 2020ರ ಲಾಕ್‌ಡೌನ್‌ನಲ್ಲಿ ದುಡಿಮೆ ನಿಂತು ಬೆಂಗಳೂರು, ಹೈದರಾಬಾದಿನಿಂದ ಊರಿಗೆ ವಾಪಸಾದವರ ಒಲೆ ಉರಿದದ್ದು ಪಡಿತರದ ಅಕ್ಕಿ ಮತ್ತು ಓಣಿಯ ಉದ್ರಿ ಸೇರಿ.

ಉದ್ರಿ ನಿಂತ ಮನೆಗೆ ಉಳಿಯುವ ದಾರಿ ಮೈಕ್ರೊಫೈನಾನ್ಸ್. ಅದರ ಬಡ್ಡಿ ವರ್ಷಕ್ಕೆ ಸಾಮಾನ್ಯವಾಗಿ ಶೇ 20ರ ಮೇಲೆ. ವಾರದ ಕಂತಿಗೆ ಮಳೆಯೂ ಗೊತ್ತಿಲ್ಲ, ಸುಗ್ಗಿಯೂ ಗೊತ್ತಿಲ್ಲ. ವಸೂಲಿಯ ಕಿರುಕುಳ ರಾಜ್ಯದಾದ್ಯಂತ ಎಷ್ಟು ಬೆಳೆಯಿತೆಂದರೆ 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದು ಸಾರಬೇಕಾಯಿತು. ಈ ಸಾಲಕ್ಕೆಲ್ಲ ಮಾರ್ಟ್ ಕಾರಣವಲ್ಲ. ಆದರೆ ಅಡುಗೆಮನೆಯ ಸಾಮಾನಿಗೂ ಮೈಕ್ರೊಫೈನಾನ್ಸ್ ಸಾಲ ಎತ್ತುವ ಸ್ಥಿತಿಗೂ ಓಣಿಯ ಅಂಗಡಿಯಲ್ಲಿ ಉದ್ರಿ ನಿಂತದ್ದಕ್ಕೂ ನಂಟಿದೆ.

ದೇವದುರ್ಗದಿಂದ ಪುಕ್ಕಟೆ ಬಸ್ಸು

ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ತಾಲ್ಲೂಕುಗಳ ಅಭಿವೃದ್ಧಿಯನ್ನು ಅಳೆದಾಗ ಇಡೀ ರಾಜ್ಯದಲ್ಲಿ ಕಟ್ಟಕಡೆಗೆ ನಿಂತದ್ದು ದೇವದುರ್ಗ. ಅದರ ಸೂಚ್ಯಂಕ 0.53. ಮೇಲ್ತುದಿಯಲ್ಲಿದ್ದ ಬೆಂಗಳೂರು ದಕ್ಷಿಣದ್ದು 1.96. ನಾರಾಯಣಪುರ ಬಲದಂಡೆ ಕಾಲುವೆಯ ನೀರು ತಲುಪಿದ ಊರುಗಳಲ್ಲಿ ಈಗ ಹತ್ತಿ, ಮೆಣಸಿನಕಾಯಿ, ಭತ್ತ ಇವೆ. ತಲುಪದ ಊರುಗಳಿಂದ, ತಾಂಡಾಗಳಿಂದ ಜನ ಇನ್ನೂ ಗುಳೆ ಹೋಗುತ್ತಾರೆ.

ಇಂಥ ತಾಲ್ಲೂಕಿನ ಪೇಟೆಗೂ ದೊಡ್ಡ ಮಳಿಗೆಯ ನೆರಳು ಬಿದ್ದದ್ದು ಯಾರೂ ಎಣಿಸದ ದಾರಿಯಿಂದ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾಗಿ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡು ಇಲ್ಲವಾಯಿತು. ಅದೇ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಮನೆಯೊಡತಿಯ ಖಾತೆಗೆ ಬರತೊಡಗಿತು. ದೇವದುರ್ಗದಿಂದ ರಾಯಚೂರು ಸುಮಾರು 50 ಕಿಲೋಮೀಟರ್. ಹಿಂದೆ ಅಷ್ಟು ದೂರ ಹೋಗಿ ಸೋಪು, ಎಣ್ಣೆ ತರುವುದೆಂದರೆ ಉಳಿತಾಯಕ್ಕಿಂತ ಚಾರ್ಜೇ ಹೆಚ್ಚಾಗುತ್ತಿತ್ತು. ಈಗ ಆಸ್ಪತ್ರೆಗೋ ಕಚೇರಿಗೋ ಮಗಳ ಮನೆಗೋ ಹೋದವರು ಬರುವಾಗ ಎರಡು ಚೀಲ ಸಾಮಾನು ತರುತ್ತಾರೆ. ತಮ್ಮ ಹೆಸರಿನ ಖಾತೆಯ ಹಣದಿಂದ ತಮಗೆ ಬೇಕಾದ್ದನ್ನು ತಾವೇ ಆರಿಸುವ ಸುಖವನ್ನು ಯಾರೂ ಹಳಿಯುವಂತಿಲ್ಲ. ಆದರೆ ದೇವದುರ್ಗಕ್ಕೆಂದು ಬಂದ ಎರಡು ಸಾವಿರದಲ್ಲಿ ಒಂದು ಪಾಲು ಪೇಟೆಯಲ್ಲಿ ಒಂದು ಸುತ್ತೂ ತಿರುಗದೆ ಊರು ಬಿಡುತ್ತದೆ ಎಂಬುದೂ ನಿಜ.

ಇದರ ಪೆಟ್ಟು ಸಂತೆಗೆ ಅಷ್ಟಾಗಿ ಬಿದ್ದಿಲ್ಲ. ಕಾಯಿಪಲ್ಲೆ, ಸೊಪ್ಪು, ಒಣಮೆಣಸಿನಕಾಯಿ, ಬಿತ್ತನೆಯ ಕಾಳು, ಹಗ್ಗ, ಬುಟ್ಟಿಗೆ ಜನ ಸಂತೆಯನ್ನೇ ನಂಬಿದ್ದಾರೆ. ಮದುವೆಯ ಜವಳಿಯೂ ಇನ್ನೂ ಪರಿಚಯದ ಅಂಗಡಿಯಲ್ಲೇ. ಹತ್ತು ಮನೆಗೆ ಸೀರೆ, ಪಂಚೆ ತೆಗೆದು ಅರ್ಧ ಹಣ ಮದುವೆಯಾದ ಮೇಲೆ ಕೊಡುವ ಸವಲತ್ತು ಸರಪಳಿ ಮಳಿಗೆಯಲ್ಲಿ ಎಲ್ಲಿದೆ? ಪೆಟ್ಟು ಬಿದ್ದದ್ದು ಸಿದ್ಧ ಉಡುಪಿನ ಸಣ್ಣ ಅಂಗಡಿಗೆ, ಅದರ ಬೆನ್ನಿಗೆ ಟೇಲರ್‌ಗೆ. ಮಾರ್ಟ್‌ನ ಅಂಗಿ ಹೊಲಿಗೆಯ ಕೂಲಿಗಿಂತ ಅಗ್ಗಕ್ಕೆ ಸಿಗುವಾಗ ಬಟ್ಟೆ ತೆಗೆದು ಹೊಲಿಸುವವರು ಹಬ್ಬಕ್ಕಷ್ಟೇ ಉಳಿಯುತ್ತಾರೆ.

ಅಕ್ಕಿ ಬೆಳೆಯುವ ಊರಿನ ಅಕ್ಕಿ ಅಂಗಡಿ

ಜಗನ್ನಾಥದಾಸರ ಮಾನ್ವಿ ಈಗ ಭತ್ತದ ಮಾನ್ವಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಸೋನಾ ಮಸೂರಿ ಬೆಳೆದು, ರೈಸ್‌ಮಿಲ್ಲುಗಳು ಎದ್ದವು. ಇಲ್ಲಿನ ಉದ್ರಿ ಬುಕ್ಕು ಕಾಲುವೆಯ ಗೇಜಿನ ಜತೆ ಏರಿಳಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ರೈತನಷ್ಟೇ ಕಳವಳಪಟ್ಟವನು ಕಿರಾಣಿ ಸಾಹುಕಾರ. ಕಾಲುವೆಗೆ ನೀರು ಬಿಡದಿದ್ದರೆ ಹೊಲ ಒಣಗಿದಷ್ಟೇ ಖಚಿತವಾಗಿ ಅವನ ವಸೂಲಿಯೂ ಒಣಗುತ್ತದೆ.

ಮಾನ್ವಿಯ ಅಕ್ಕಿ ವ್ಯಾಪಾರದಲ್ಲಿ ತೆರಿಗೆಯ ಒಂದು ತಮಾಷೆಯೂ ಇದೆ. 2022ರ ಜುಲೈ 18ರಿಂದ 25 ಕಿಲೋವರೆಗಿನ, ಲೇಬಲ್ ಹಚ್ಚಿದ ಅಕ್ಕಿ, ಬೇಳೆಯ ಪೊಟ್ಟಣಕ್ಕೆ ಶೇ 5ರ ಜಿಎಸ್‌ಟಿ ಬಂತು. ಮಿಲ್ಲಿನವರು 26 ಕಿಲೋ ಚೀಲ ತುಂಬತೊಡಗಿದರು. ಚೀಲ ಬಿಚ್ಚಿ ಅಳೆದು ಮಾರುವ ಬಿಡಿ ಅಕ್ಕಿಗೆ ತೆರಿಗೆಯಿಲ್ಲ. ಐದು ಕಿಲೋ ಅಂದದ ಪೊಟ್ಟಣ ಮಾರುವ ಮಳಿಗೆ ತೆರಿಗೆ ಸೇರಿಸಲೇಬೇಕು. ಕಿರಾಣಿಗೆ ಉಳಿದ ಕೆಲವೇ ಅನುಕೂಲಗಳಲ್ಲಿ ಇದೂ ಒಂದು. ಜೋಳ, ಅಕ್ಕಿ, ತೊಗರಿಬೇಳೆ, ಶೇಂಗಾ, ಪುಟಾಣಿ ಇವುಗಳಲ್ಲಿ ಓಣಿಯ ಅಂಗಡಿ ಇವತ್ತಿಗೂ ಮಾರ್ಟ್‌ಗೆ ಸರಿಸಮ ನಿಲ್ಲಬಲ್ಲದು. ಯಾವ ಊರಿನ ಜೋಳ, ಈ ವರ್ಷದ್ದೋ ಹೋದ ವರ್ಷದ್ದೋ, ರೊಟ್ಟಿ ಹರಿಯುತ್ತದೋ ಇಲ್ಲವೋ ಎಂದು ಹೇಳಬಲ್ಲವರು ಕಟ್ಟೆಯ ಮೇಲೆ ಕೂತವರೇ. ಸೋತದ್ದು ಅಚ್ಚಾದ ಬೆಲೆಯ ಕಂಪನಿ ಮಾಲಿನಲ್ಲಿ. ಸಂಬಳದ ಮನೆ ಹೆಚ್ಚು ಕೊಳ್ಳುವುದು ಅದನ್ನೇ.

ಮಾರ್ಟ್‌ನ ಪರವಾಗಿಯೂ ಮಾತಿದೆ

ಕಿರಾಣಿ ಅಂಗಡಿಯ ಬಗ್ಗೆ ಬರೆಯುವವರು ಅದನ್ನು ಅಜ್ಜನ ಮನೆಯೆಂಬಂತೆ ಬಣ್ಣಿಸುತ್ತಾರೆ. ಎಲ್ಲರಿಗೂ ಅದು ಹಾಗಿರಲಿಲ್ಲ. ಈ ಭಾಗದ ಹಲವು ಹಳ್ಳಿಗಳಲ್ಲಿ ಹೋಟೆಲು, ಕಟಿಂಗ್ ಅಂಗಡಿಗಳಲ್ಲಿ ದಲಿತರನ್ನು ದೂರವಿಟ್ಟ ಸುದ್ದಿಗಳು ಇಂದಿಗೂ ಬರುತ್ತಿವೆ. ಕಿರಾಣಿ ಕಟ್ಟೆಯ ಮುಂದೆ ದೂರ ನಿಂತು, ರೊಕ್ಕ ಕೆಳಗಿಟ್ಟು, ಪೊಟ್ಟಣ ಮೇಲಿಂದ ಬೀಳುವುದನ್ನು ಕಾಯ್ದ ನೆನಪು ಹಲವು ಮನೆಗಳ ಹಿರಿಯರಿಗಿದೆ. ಮಾರ್ಟ್‌ನಲ್ಲಿ ಯಾರು ಯಾವ ಓಣಿಯವರೆಂದು ಕೇಳುವವರಿಲ್ಲ. ಮಾಲು ಮುಟ್ಟಬಹುದು, ತಿರುಗಿಸಿ ಬೆಲೆ ಓದಬಹುದು, ಬೇಡವಾದರೆ ವಾಪಸಿಡಬಹುದು. ಈ ಸಮಾನತೆಗೆ ಬೆಲೆ ಕಟ್ಟಲಾಗದು. ಕಿರಾಣಿಯ ಪರ ವಾದಿಸುವವರು ಮೊದಲು ಇದಕ್ಕೆ ಉತ್ತರ ಕೊಡಬೇಕು.

ಎರಡನೆಯದು ಕೆಲಸ. ಕಿರಾಣಿ ಅಂಗಡಿಯಲ್ಲಿ ದುಡಿಯುವವರು ಮನೆಯವರು, ಇಲ್ಲವೇ ಸ್ವಜಾತಿಯ ಹುಡುಗರು. ಪಿಯುಸಿ ಮುಗಿಸಿದ ಹೆಣ್ಣುಮಗಳಿಗೆ ಅಲ್ಲಿ ಜಾಗವಿರಲಿಲ್ಲ. ದೊಡ್ಡ ಮಳಿಗೆ ಅವಳನ್ನು ಬಿಲ್ಲಿಂಗ್ ಕೌಂಟರಿನಲ್ಲಿ ಕೂರಿಸುತ್ತದೆ. ನಿಯಮ ಪಾಲಿಸುವ ಕಡೆ ಭವಿಷ್ಯನಿಧಿ, ಇಎಸ್‌ಐ ಸಿಗುತ್ತದೆ. ದಿನವಿಡೀ ನಿಂತು ಮಾಡುವ, ಬಡ್ತಿ ವಿರಳವಾದ ಕೆಲಸವಾದರೂ ಅದು ಅವಳ ಹೆಸರಿನ ಸಂಬಳ.

ಮೂರನೆಯದು ಖಾತರಿ. ಬಿಲ್ಲು, ಅವಧಿ ಮುಗಿದ ದಿನಾಂಕದ ನಿಗಾ, ತಪ್ಪದ ತೂಕ. ಇವನ್ನು ಕೊಡಲು ಕಿರಾಣಿಗೆ ಯಾರೂ ಅಡ್ಡಿ ಮಾಡಿರಲಿಲ್ಲ.

ಹತ್ತು ಲಕ್ಷದ ಬೇಲಿ

2012ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಬಹುಬ್ರಾಂಡ್ ಚಿಲ್ಲರೆ ವ್ಯಾಪಾರದಲ್ಲಿ ಶೇ 51ರಷ್ಟು ವಿದೇಶಿ ಬಂಡವಾಳಕ್ಕೆ ಒಪ್ಪಿಗೆ ಕೊಟ್ಟಾಗ, ಆ ತಿಂಗಳ 20ರಂದು ಭಾರತ್ ಬಂದ್ ನಡೆಯಿತು. ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಮಾತ್ರ ಮಳಿಗೆ ಎಂಬುದು ಆಗಿನ ಷರತ್ತು. ಮರುವರ್ಷ ಸಣ್ಣ ನಗರಗಳನ್ನೂ ಆರಿಸುವ ಅಧಿಕಾರ ರಾಜ್ಯಗಳಿಗೆ ಸಿಕ್ಕಿತು. ಹತ್ತು ಲಕ್ಷದ ಆ ಗೆರೆಗೆ ರಾಯಚೂರು ಬಹಳ ಕೆಳಗೆ: 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಸುಮಾರು 2.3 ಲಕ್ಷ. ವಾಲ್‌ಮಾರ್ಟ್ ಬಂತು, ಎಲ್ಲ ಮುಗಿಯಿತು ಎಂಬ ಭಯದಲ್ಲಿ ದೇಶ ವಿದೇಶಿ ಬಾಗಿಲಿಗೆ ಅಗುಳಿ ಹಾಕಿತು. ಸ್ವದೇಶಿ ಬಂಡವಾಳದ ದೊಡ್ಡ ಮಳಿಗೆಗೆ ಅಂಥ ಯಾವ ಷರತ್ತೂ ಇರಲಿಲ್ಲ. ಕಿರಾಣಿ ಗಲ್ಲೆಗೆ ಬರಬೇಕಾದ ನಗದು ಮುಂಬೈಗೆ ಹೋಯಿತೋ ಅಮೆರಿಕಕ್ಕೆ ಹೋಯಿತೋ ಎಂಬುದರಿಂದ ಮಾನ್ವಿಯ ಅಂಗಡಿಯವನಿಗೆ ಆಗುವ ವ್ಯತ್ಯಾಸ ಅಷ್ಟಕ್ಕಷ್ಟೆ.

ಈ ನಡುವೆ ಸಣ್ಣವರ ಬೆನ್ನಿಗೆ ಬಿದ್ದದ್ದು ತೆರಿಗೆ ಇಲಾಖೆ. 2025ರ ಜುಲೈನಲ್ಲಿ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಹೋಯಿತು. ವರ್ಷಕ್ಕೆ 40 ಲಕ್ಷ ರೂಪಾಯಿ ಮೀರಿ ಮಾಲು ಮಾರಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ ಎಂಬುದು ನಿಯಮ. ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಮಾಲಿನ ಹಣವೂ ಯುಪಿಐ ಲೆಕ್ಕದಲ್ಲಿ ಸೇರಿಹೋಗಿತ್ತು. ಅಂಗಡಿಗಳ ಮುಂದಿನ ಕ್ಯುಆರ್ ಕೋಡ್ ಹಾಳೆ ಕಿತ್ತು ‘ನಗದು ಮಾತ್ರ’ ಎಂದು ಬರೆದರು. ವಿನಾಯಿತಿಯ ಮಾಲು ಮಾರುವವರಿಂದ ಹಳೆಯ ಬಾಕಿ ಕೇಳುವುದಿಲ್ಲವೆಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಭರವಸೆ ಕೊಟ್ಟ ಮೇಲೆ ಗದ್ದಲ ತಣ್ಣಗಾಯಿತು. ಆದರೆ ವ್ಯಾಪಾರಿಗಳ ಮನಸ್ಸಿನಲ್ಲಿ ಅಂಜಿಕೆ ಉಳಿಯಿತು. ಮೊಬೈಲ್‌ನಲ್ಲಿ ಹಣ ಕೊಡುವ ಹುಡುಗರೂ ಹೆದರಿದ ಅಂಗಡಿ ಬಿಟ್ಟು ಹೆದರದ ಮಳಿಗೆಗೆ ನಡೆದರು.

ಬೇರೆಯವರ ಊರಿನ ಪಾಠ

ಅಮೆರಿಕದ ನಾರ್ತ್ ಕೆರೊಲಿನಾದ ಓರಿಯಂಟಲ್ ಎಂಬ ಊರಿನಲ್ಲಿ ಸುಮಾರು 900 ಜನ. 2014ರಲ್ಲಿ ಅಲ್ಲಿ ವಾಲ್‌ಮಾರ್ಟ್‌ನ ಸಣ್ಣ ಮಾದರಿಯ ಮಳಿಗೆ ತೆರೆಯಿತು. ದಶಕಗಳಿಂದ ನಡೆದಿದ್ದ ಊರಿನ ದಿನಸಿ ಅಂಗಡಿ ಸ್ಪರ್ಧೆ ತಾಳದೆ 2015ರಲ್ಲಿ ಬಾಗಿಲು ಹಾಕಿತು. 2016ರ ಜನವರಿಯಲ್ಲಿ ವಾಲ್‌ಮಾರ್ಟ್ ಜಗತ್ತಿನಾದ್ಯಂತ 269 ಮಳಿಗೆಗಳನ್ನು ಮುಚ್ಚಿದಾಗ ಓರಿಯಂಟಲ್‌ನದೂ ಆ ಪಟ್ಟಿಯಲ್ಲಿತ್ತು. ಊರಿಗೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ನಮ್ಮಲ್ಲೂ ಬಿಗ್ ಬಜಾರಿನ ಒಡೆತನದ ಫ್ಯೂಚರ್ ರಿಟೇಲ್ 2022ರಲ್ಲಿ ದಿವಾಳಿ ಪ್ರಕ್ರಿಯೆಗೆ ಬಿತ್ತು. ದೊಡ್ಡ ಮಳಿಗೆ ಊರಿಗೆ ಬಂದರೆ ಇಲ್ಲೇ ಇದ್ದುಬಿಡುತ್ತದೆ ಎಂಬ ಖಾತರಿ ಯಾರಿಗೂ ಇಲ್ಲ. ಲೆಕ್ಕ ಹೊಂದದ ದಿನ ಅದು ಹೊರಡುತ್ತದೆ.

ಫ್ರಾನ್ಸ್ 1973ರಲ್ಲೇ ರೋಯೆ ಕಾಯ್ದೆ ತಂದು, ದೊಡ್ಡ ಮಳಿಗೆ ಕಟ್ಟಲು ಸ್ಥಳೀಯ ಸಮಿತಿಯ ಅನುಮತಿ ಬೇಕೆಂದಿತು. ಜರ್ಮನಿಯ ದಾರಿ ಇನ್ನೂ ಉಪಯುಕ್ತ. 1898ರಲ್ಲಿ ಬರ್ಲಿನ್‌ನ ಸಣ್ಣ ದಿನಸಿ ವ್ಯಾಪಾರಿಗಳು ಒಟ್ಟಾಗಿ ಸಗಟು ಖರೀದಿ ಮಾಡಲು ಒಂದು ಸಹಕಾರ ಸಂಘ ಕಟ್ಟಿದರು. ಅಂಗಡಿ ಅವರವರದ್ದೇ, ಖರೀದಿ ಎಲ್ಲರದ್ದು. ಎಡೆಕಾ ಎಂಬ ಆ ಕೂಟವೇ ಇಂದು ಜರ್ಮನಿಯ ಅತಿ ದೊಡ್ಡ ದಿನಸಿ ವ್ಯಾಪಾರ ಸಂಸ್ಥೆ.

ಏನು ಮಾಡಬೇಕು?

ಸಹಕಾರ ನಮಗೆ ಹೊಸದಲ್ಲ. ಏಷ್ಯಾದ ಮೊದಲ ಕೃಷಿ ಸಹಕಾರ ಸಂಘವೆಂದು ಹೇಳಿಕೊಳ್ಳುವ ಗದಗದ ಕಣಗಿನಹಾಳ ಸಂಘ 1905ರದು. ಸೌಹಾರ್ದ ಸಹಕಾರಿ ಕಾಯ್ದೆ 2001ರಲ್ಲಿ ಜಾರಿಗೆ ಬಂದ ಮೇಲೆ ಕಲ್ಯಾಣ ಕರ್ನಾಟಕದ ಪಟ್ಟಣಗಳಲ್ಲಿ ಸೌಹಾರ್ದಗಳು ಹುಟ್ಟಿಕೊಂಡವು. ಬಹುತೇಕ ಎಲ್ಲವೂ ಠೇವಣಿ ತೆಗೆದುಕೊಂಡು ಸಾಲ ಕೊಡುವವು. ರಾಯಚೂರು, ಮಾನ್ವಿ, ದೇವದುರ್ಗದ ಕಿರಾಣಿ ವ್ಯಾಪಾರಿಗಳು ಸೇರಿ ಸಾಲಕ್ಕಲ್ಲ, ಖರೀದಿಗೆಂದು ಒಂದು ಸೌಹಾರ್ದ ಕಟ್ಟಿದರೆ ಕಂಪನಿಯ ಮುಂದೆ ಅದೂ ದೊಡ್ಡ ಗಿರಾಕಿಯೇ. ಗಂಜಿನ ಸಗಟು ವ್ಯಾಪಾರಿಗಳನ್ನೂ ಸೇರಿಸಿಕೊಂಡರೆ ಗೋದಾಮಿನ ಅನುಭವವೂ ಸಿಗುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಸಾವಿರಾರು ಕೋಟಿ ರೂಪಾಯಿ ರಸ್ತೆ, ಕಟ್ಟಡಗಳಿಗೆ ಹೋಗುತ್ತಿದೆ. ಅದರಲ್ಲಿ ಒಂದು ಚೂರು ಇಂಥ ಸಾಮೂಹಿಕ ಗೋದಾಮಿಗೆ ಸಂದರೆ ಅದೂ ಅಭಿವೃದ್ಧಿಯೇ.

ನಗರಾಡಳಿತದ ಕೆಲಸವೂ ಇದೆ. ದೊಡ್ಡ ಮಳಿಗೆಗೆ ಕಟ್ಟಡ ಪರವಾನಗಿ ಕೊಡುವಾಗ ವಾಹನ ನಿಲುಗಡೆ, ಲಾರಿ ಇಳಿಸುವ ಜಾಗ, ಕಸದ ವ್ಯವಸ್ಥೆ ಕಾಗದದ ಮೇಲಷ್ಟೇ ಇರಬಾರದು. ಸ್ಥಳೀಯ ಮಿಲ್ಲಿನ ಅಕ್ಕಿ, ಸ್ತ್ರೀಶಕ್ತಿ ಸಂಘಗಳ ರೊಟ್ಟಿ, ಚಟ್ನಿಪುಡಿಗೆ ಮಳಿಗೆಯೊಳಗೆ ಒಂದು ಸಾಲು ಕೊಡಿ ಎಂದು ಕೇಳಲು ಜನಪ್ರತಿನಿಧಿಗಳಿಗೆ ಸಂಕೋಚ ಬೇಡ. ಒಂದೇ ಮಾಲಿಗೆ ದೊಡ್ಡವರಿಗೊಂದು, ಸಣ್ಣವರಿಗೊಂದು ದರ ಇಡುವ ಕಂಪನಿಗಳನ್ನು ಪ್ರಶ್ನಿಸಲು ಸ್ಪರ್ಧಾ ಆಯೋಗವಿದೆ. ವ್ಯಾಪಾರಿ ಸಂಘಗಳು ಬಂದ್‌ಗೆ ಕರೆ ಕೊಡುವಷ್ಟೇ ಉಮೇದಿನಿಂದ ದಾಖಲೆ ಸಮೇತ ಅಲ್ಲಿಗೆ ಹೋಗಬೇಕು.

ಸಾಹುಕಾರರಿಗೂ ಒಂದು ಮಾತು. ಬಿಲ್ಲು ಕೊಡಿ, ತೂಕ ಗಿರಾಕಿಗೆ ಕಾಣುವಂತೆ ಇಡಿ, ಅವಧಿ ಮುಗಿದ ಮಾಲು ತೆಗೆಯಿರಿ, ಕಟ್ಟೆಯ ಮುಂದೆ ನಿಂತವರನ್ನು ಓಣಿ ನೋಡಿ ಅಳೆಯಬೇಡಿ. ಮಾರ್ಟ್ ನಿಮ್ಮಿಂದ ಕಸಿದದ್ದರಲ್ಲಿ ಅರ್ಧವನ್ನು ಅದು ಬೆಲೆಯಿಂದ ಗೆದ್ದಿಲ್ಲ, ಮರ್ಯಾದೆಯಿಂದ ಗೆದ್ದಿದೆ.

ಕೊನೆಯ ಮಾತು ಸಂಬಳದ ಮನೆಗಳಿಗೆ. ಮಾರ್ಟ್‌ಗೆ ಹೋಗಬೇಡಿ ಎಂದು ಯಾರೂ ಹೇಳಲಾರರು, ಹೇಳಿದರೆ ಕೇಳುವವರೂ ಇಲ್ಲ. ಆದರೆ ತಿಂಗಳ ಸಾಮಾನಿನಲ್ಲಿ ಅಕ್ಕಿ, ಜೋಳ, ಬೇಳೆಯನ್ನಾದರೂ ಓಣಿಯ ಅಂಗಡಿಯಲ್ಲಿ ಕೊಳ್ಳಿ, ಮತ್ತು ನಗದು ಕೊಟ್ಟು ಕೊಳ್ಳಿ. ಅಲ್ಲಿ ಹಳೆಯ ಬಾಕಿಯಿದ್ದರೆ ಮಾರ್ಟ್‌ನ ಆಫರ್ ನೋಡುವ ಮೊದಲು ಅದನ್ನು ತೀರಿಸಿ. ಅಂಗಡಿಯವನು ನಿಮ್ಮ ಆ ಹಣದಿಂದಲೇ ಪಕ್ಕದ ಮನೆಯವರಿಗೆ ಇನ್ನೊಂದು ತಿಂಗಳು ಬರೆದುಕೊಳ್ಳುತ್ತಾನೆ.